ಶೇ. 45ರ ಲೆಕ್ಕ ಮತ್ತು ಅಜ್ಜಿಯ ಮರೆವು

ಕಳೆದ ಎರಡು ಮೂರು ವರ್ಷಗಳಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ತಿರುಗುತ್ತದೆ. ಡಿಮೆನ್ಶಿಯಾದ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ ಶೇ. 45 ಪ್ರಕರಣ ತಡೆಯಬಹುದು ಎನ್ನುತ್ತದೆ ಒಂದು ಸುದ್ದಿ. ಕಿವಿಗೆ ಮಿಷನ್ ಹಾಕಿದರೆ ನೆನಪು ಉಳಿಯುತ್ತದೆ ಎನ್ನುತ್ತದೆ ಇನ್ನೊಂದು. ಅದೇ ಅಧ್ಯಯನವನ್ನು ಹಿಡಿದು ಮತ್ತೊಂದು ಕಡೆ ‘ಮಿಷನ್‌ನಿಂದ ವ್ಯತ್ಯಾಸ ಕಾಣಲಿಲ್ಲ’ ಎಂದು ಬರುತ್ತದೆ. ನಡುವೆ ಹೊಸ ಔಷಧ ಬಂತು, ಸರ್ಪಸುತ್ತಿನ ಲಸಿಕೆಯ ಸುದ್ದಿ ಬಂತು, ಎರಡು ಭಾಷೆ ಬಲ್ಲವರಿಗೆ ಮರೆವು ತಡವಂತೆ ಅನ್ನುವುದೂ ಬಂತು. ಮಂಗಳೂರು, ಉಡುಪಿಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇವೆಲ್ಲ ಒಂದರ ಮೇಲೊಂದು ಫಾರ್ವರ್ಡ್ ಆಗುತ್ತವೆ. ಕೊನೆಗೆ ಯಾರೋ ನೆನಪಿಗೆ ಒಳ್ಳೆಯದು ಎನ್ನುವ ಒಂದೆಲಗ ಸೊಪ್ಪಿನ ತಂಬುಳಿಯ ಫೋಟೋ ಹಾಕಿ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ಮುಗಿಸುತ್ತಾರೆ.

ತಂಬುಳಿಯ ವಿಷಯ ಆಮೇಲೆ ನೋಡುವ. ಉಳಿದ ಸುದ್ದಿಗಳ ಹಿಂದೆ ನಿಜವಾದ ಅಧ್ಯಯನಗಳೇ ಇವೆ. ಲಕ್ಷಾಂತರ ಜನರ ಲೆಕ್ಕವನ್ನು ತಂದು ನಮ್ಮ ಮನೆಯ ಒಬ್ಬ ಅಜ್ಜಿಗೆ ಅಂಟಿಸುವಾಗ ಗೊಂದಲ ಹುಟ್ಟುತ್ತದೆ.

ಹಂಚಿನ ಮಾಡಿನ ಲೆಕ್ಕ

ಶೇ. 45 ಎಂಬ ಸಂಖ್ಯೆ ಬಂದದ್ದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದಿಂದ, 2024ರಲ್ಲಿ. ಇದೇ ಆಯೋಗ 2017ರಲ್ಲಿ 9 ಅಪಾಯದ ಅಂಶಗಳನ್ನು ಪಟ್ಟಿ ಮಾಡಿ ಶೇ. 35 ಎಂದಿತ್ತು. 2020ರಲ್ಲಿ ಅದು 12 ಅಂಶ, ಶೇ. 40 ಆಯಿತು. ಈಗ 14. ಹೊಸದಾಗಿ ಸೇರಿದ್ದು ಚಿಕಿತ್ಸೆ ಸಿಗದ ದೃಷ್ಟಿದೋಷ ಮತ್ತು ಕೆಟ್ಟ ಕೊಲೆಸ್ಟ್ರಾಲ್. ಉಳಿದವು ಕಡಿಮೆ ಓದು, ಕಿವಿ ಕೇಳಿಸದಿರುವುದು, ಬಿಪಿ, ಶುಗರ್, ಬೊಜ್ಜು, ಬೀಡಿ-ಸಿಗರೇಟು, ಅತಿ ಕುಡಿತ, ಮೈಗೆ ಚಲನೆ ಇಲ್ಲದಿರುವುದು, ಖಿನ್ನತೆ, ಒಂಟಿತನ, ತಲೆಗೆ ಬಿದ್ದ ಪೆಟ್ಟು, ಕೆಟ್ಟ ಗಾಳಿ.

ಈ 45ರ ಅರ್ಥ ಏನು? ಒಂದು ಊರಿನಲ್ಲಿ ಮಳೆಗಾಲಕ್ಕೆ 100 ಹಂಚಿನ ಮನೆ ಸೋರುತ್ತವೆ ಅಂತ ಇಟ್ಟುಕೊಳ್ಳಿ. ಮೇ ತಿಂಗಳಲ್ಲೇ ಎಲ್ಲರೂ ಮಾಡು ಹತ್ತಿ ಒಡೆದ ಹಂಚು ಬದಲಿಸಿದ್ದರೆ ಅವುಗಳಲ್ಲಿ 45 ಮನೆ ಸೋರುತ್ತಿರಲಿಲ್ಲ. ಅಷ್ಟೇ. ನಿಮ್ಮ ಮನೆ ಆ 45ರಲ್ಲಿತ್ತೋ, ಉಳಿದ 55ರಲ್ಲಿತ್ತೋ ಎಂದು ಈ ಲೆಕ್ಕ ಹೇಳುವುದಿಲ್ಲ. ಹಂಚೆಲ್ಲ ಸರಿಯಿದ್ದೂ ಅದನ್ನು ಹೊರುವ ಮರದ ಪಕ್ಕಾಸು ಲಡ್ಡಾಗಿ, ಅಂದರೆ ಕುಂಬಾಗಿ, ಸೋರುವ ಮನೆ ಇದೆ. ವಯಸ್ಸು ಮತ್ತು ವಂಶವಾಹಿ ಎಂದರೆ ಆ ಪಕ್ಕಾಸು. ದಿನಾ ವಾಕಿಂಗ್ ಹೋಗುತ್ತಿದ್ದ, ಶುಗರ್ ಇಲ್ಲದ, ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟ್ರಿಗೂ ಡಿಮೆನ್ಶಿಯಾದ ಅತಿ ಸಾಮಾನ್ಯ ಬಗೆಯಾದ ಆಲ್ಝೈಮರ್ಸ್ ಬರುವುದು ಹೀಗೆ. ‘ಅವರೇನು ತಪ್ಪು ಮಾಡಿದರು’ ಎಂದು ಕೇಳುವುದಕ್ಕೆ ಅಲ್ಲಿ ಅರ್ಥವಿಲ್ಲ.

ಇನ್ನೊಂದು ಮಾತು ಹೆಡ್‌ಲೈನ್‌ಗಳಲ್ಲಿ ಬಿಟ್ಟುಹೋಗುತ್ತದೆ. ಈ ಅಂಶಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ನಡುವಯಸ್ಸಿನಲ್ಲಿ, 65ಕ್ಕೆ ಮೊದಲು. ಬಿಪಿ, ಕೊಲೆಸ್ಟ್ರಾಲ್, ಬೊಜ್ಜು ಎಲ್ಲ ಆ ವಯಸ್ಸಿನಲ್ಲಿ ಮೆದುಳಿನ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತಾ ಬರುತ್ತವೆ, ಗೊತ್ತಾಗುವುದು 75ಕ್ಕೆ. ಅಂದರೆ ಮೊಮ್ಮಗ ಫಾರ್ವರ್ಡ್ ಮಾಡಿದ ಸುದ್ದಿ ಅಜ್ಜಿಗಿಂತ ಜಾಸ್ತಿ ಅನ್ವಯಿಸುವುದು ಅದನ್ನು ಓದಿ ಥಂಬ್ಸ್ ಅಪ್ ಹಾಕಿದ ಅಪ್ಪನಿಗೆ.

ಪಟ್ಟಿಯಲ್ಲಿ ಕೆಲವು ಅಂಶಗಳು ಯಾರ ಕೈಯಲ್ಲೂ ಇರಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ಹೆಂಗಸಿಗೆ 72ನೇ ವಯಸ್ಸಿನಲ್ಲಿ ‘ಕಡಿಮೆ ಓದು ನಿಮ್ಮ ಅಪಾಯದ ಅಂಶ’ ಎಂದು ಹೇಳಿ ಏನು ಪ್ರಯೋಜನ? ಕಟ್ಟಿಗೆ ಒಲೆಯಲ್ಲಿ ಕುಚ್ಚಲಕ್ಕಿ ಬೇಯಿಸಿ, ಬಚ್ಚಲ ಹಂಡೆಗೆ ತೆಂಗಿನ ಸಿಪ್ಪೆ ಒಟ್ಟಿ, 50 ವರ್ಷ ಉಸಿರಾಡಿದ ಹೊಗೆಯೂ ಹಾಗೆಯೇ. ಆಯೋಗದ ಲೆಕ್ಕ ಮುಖ್ಯವಾಗಿ ಹೊರಗಿನ ಗಾಳಿಯ ಸಣ್ಣ ಕಣಗಳ ಮೇಲೆ ನಿಂತಿದೆ. ಆದರೆ ಅಡುಗೆಮನೆ ಹೊಗೆಯಲ್ಲಿರುವುದೂ ಅದೇ ಬಗೆಯ ಕಣ.

ಭಾರತದ ಚಿತ್ರ ನೋಡಿದರೆ ಇದು ಸ್ಪಷ್ಟವಾಗುತ್ತದೆ. ದೇಶಾದ್ಯಂತ ಹಿರಿಯರ ಮೇಲೆ ನಡೆದ ದೊಡ್ಡ ಸಮೀಕ್ಷೆಯ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಜಾಸ್ತಿ. ಉಡುಪಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 1000 ಗಂಡಸರಿಗೆ 1094 ಹೆಂಗಸರು. ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹೆಂಗಸರು ಎಷ್ಟು ಎನ್ನುವುದು ಕುಂದಾಪುರದಿಂದ ಕಾಪುವರೆಗೆ ಒಳದಾರಿಗಳಲ್ಲಿ ಹೋದವರಿಗೆ ಗೊತ್ತು.

ಕಿವಿಯ ಮಿಷನ್: ಒಂದೇ ಅಧ್ಯಯನ, ಎರಡು ಸುದ್ದಿ

ಆಯೋಗದ ಲೆಕ್ಕದಲ್ಲಿ ಅತಿ ದೊಡ್ಡ ಪಾಲು ಎರಡು ಅಂಶಗಳಿಗೆ: ಕಿವಿ ಮತ್ತು ಕೊಲೆಸ್ಟ್ರಾಲ್, ತಲಾ ಶೇ. 7. ಕೊಲೆಸ್ಟ್ರಾಲ್ ಹೃದಯದ ಕಾರಣಕ್ಕೆ ಎಲ್ಲರಿಗೂ ಪರಿಚಿತ. ಕಿವಿಗೂ ನೆನಪಿಗೂ ಏನು ಸಂಬಂಧ?

ಮೂರು ವಿವರಣೆಗಳಿವೆ. ಒಂದು, ಅರ್ಧಂಬರ್ಧ ಕೇಳಿಸಿದ ಮಾತನ್ನು ಜೋಡಿಸಿಕೊಳ್ಳುವುದರಲ್ಲೇ ಮೆದುಳಿನ ಶಕ್ತಿ ಖರ್ಚಾಗುತ್ತದೆ, ನೆನಪಿಟ್ಟುಕೊಳ್ಳಲು ಉಳಿಯುವುದು ಕಡಿಮೆ. ಎರಡು, ಕೇಳಿಸದವರು ಮೆಲ್ಲಗೆ ಜನರಿಂದ ದೂರ ಸರಿಯುತ್ತಾರೆ. ಮದುವೆ ಹಾಲ್‌ನಲ್ಲಿ ಎಲ್ಲರೂ ನಕ್ಕಾಗ ತಾನೂ ನಕ್ಕು ಸುಮ್ಮನಿರುವ ಅಜ್ಜನನ್ನು ನೋಡಿದ್ದೀರಲ್ವಾ? ಮುಂದಿನ ಮದುವೆಗೆ ಅವರು ಬರುವುದೇ ಇಲ್ಲ. ಮೂರು, ಕಿವಿ ಮತ್ತು ಮೆದುಳು ಎರಡನ್ನೂ ಹಾಳುಮಾಡುವ ಕಾರಣ ಒಂದೇ ಇರಬಹುದು. ಮೂರನೆಯದೇ ನಿಜವಾದರೆ ಮಿಷನ್ ಹಾಕಿ ನೆನಪನ್ನು ಉಳಿಸಲು ಆಗುವುದಿಲ್ಲ.

ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯನ್ನು ಆರಿಸಿದರು. ಅರ್ಧ ಜನರಿಗೆ ಮಿಷನ್ ಮತ್ತು ಅದನ್ನು ಬಳಸುವ ತರಬೇತಿ. ಉಳಿದವರಿಗೆ ಆರೋಗ್ಯದ ಬಗ್ಗೆ ಪಾಠ. ಮೂರು ವರ್ಷ ಗಮನಿಸಿ 2023ರಲ್ಲಿ ಫಲಿತಾಂಶ ಹೇಳಿದರು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಇಲ್ಲ. ಆದರೆ ಆ 977ರಲ್ಲಿ ಎರಡು ಬಗೆಯವರಿದ್ದರು. ಒಂದು ಗುಂಪು ತಾವಾಗಿಯೇ ಬಂದು ಸೇರಿದ ಗಟ್ಟಿಮುಟ್ಟಾದವರದ್ದು. ಇನ್ನೊಂದು, ಹಳೆಯ ಹೃದಯ ಅಧ್ಯಯನದಲ್ಲಿದ್ದ, ವಯಸ್ಸೂ ಕಾಯಿಲೆಯೂ ಜಾಸ್ತಿ ಇದ್ದವರ ಸಣ್ಣ ಗುಂಪು. ಈ ಎರಡನೇ ಗುಂಪಿನಲ್ಲಿ ಮಿಷನ್ ಹಾಕಿದವರ ಕುಸಿತ ಶೇ. 48ರಷ್ಟು ನಿಧಾನವಾಗಿತ್ತು.

ಹೀಗೇಕೆ? ಗಟ್ಟಿಮುಟ್ಟಾದವರ ನೆನಪು ಮೂರು ವರ್ಷದಲ್ಲಿ ಕುಸಿದದ್ದೇ ಬಹಳ ಕಡಿಮೆ. ಅಷ್ಟು ಕಡಿಮೆ ಕುಸಿತ ಇನ್ನೂ ನಿಧಾನವಾದರೆ ಕಾಣುವುದು ಹೇಗೆ? ಹಾಗಾಗಿ ಎರಡೂ ಸುದ್ದಿ ಸರಿ. ಆದರೂ ಎಚ್ಚರ ಬೇಕು. ಇಲ್ಲಿ ಅಳೆದದ್ದು ನೆನಪು ಮತ್ತು ಯೋಚನೆಯ ಪರೀಕ್ಷೆಯ ಅಂಕವನ್ನು, ಎಷ್ಟು ಜನರಿಗೆ ಡಿಮೆನ್ಶಿಯಾ ಬಂತು ಎನ್ನುವುದನ್ನಲ್ಲ. ಸಣ್ಣ ಗುಂಪಿನ ಫಲಿತಾಂಶ ಇನ್ನೊಮ್ಮೆ, ಇನ್ನೊಂದು ಕಡೆ ಬರಬೇಕು.

ನಮ್ಮಲ್ಲಿನ ತೊಡಕು ಬೇರೆಯೇ. ಮಲ್ಪೆಯ ಬೋಟಿನಲ್ಲಿ ಇಂಜಿನ್ ಪಕ್ಕ 30 ವರ್ಷ ಕಳೆದವರಿಗೆ ಕಿವಿ ಮಂದವಾಗುವುದು ಸಹಜ ಎಂದು ಮನೆಯವರೂ ಅವರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಮಿಷನ್ ತಂದರೂ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮೊದಲ ದಿನ ತಟ್ಟೆ ಇಡುವ ಸದ್ದು ಸಿಡಿಲಿನ ಹಾಗೆ ಕೇಳುತ್ತದೆ. ಮೀನು ಮಾರ್ಕೆಟ್‌ನಲ್ಲಿ ಎಲ್ಲರ ಕೂಗೂ ಒಂದೇ ಗದ್ದಲ. ನಡುವೆ ‘ಕುಂಯ್’ ಎಂದು ಸೀಟಿ ಬೇರೆ. ಎರಡು ಮೂರು ಸಲ ಹೋಗಿ ಸೆಟ್ಟಿಂಗ್ ಬದಲಿಸಿಕೊಂಡರೆ, ಕೆಲವು ವಾರ ಹಾಕಿಕೊಂಡೇ ಇದ್ದರೆ, ಮೆದುಳು ಒಗ್ಗಿಕೊಳ್ಳುತ್ತದೆ. ಹಾಗೆ ಹೋಗಲು ಜೊತೆಗೊಬ್ಬರು ಬೇಕು. ಇಲ್ಲದಿದ್ದರೆ ಮಿಷನ್ ಎರಡೇ ವಾರದಲ್ಲಿ ಕಪಾಟು ಸೇರುತ್ತದೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಕಿವಿಯ ಮಿಷನ್, ಕನ್ನಡಕ ಉಚಿತ. ಆದರೆ ಅಮೆರಿಕದ ಪ್ರಯೋಗದಲ್ಲಿ ಕೊಟ್ಟದ್ದು ಬರೀ ಮಿಷನ್ ಅಲ್ಲ. ಅದರ ಬೆನ್ನಿಗೆ ನಿಂತ ತಜ್ಞರ ಸಮಯವನ್ನೂ ಕೊಟ್ಟಿದ್ದರು. ಶಿಬಿರದಲ್ಲಿ ಡಬ್ಬಿ ಹಂಚಿ ಅದೇ ಫಲ ಸಿಗುತ್ತದೆ ಎಂದುಕೊಳ್ಳುವುದು ಕಷ್ಟ.

ಕಾರಣವೋ, ಲಕ್ಷಣವೋ?

ಈ ಇಡೀ ಪಟ್ಟಿಯನ್ನೇ ಅನುಮಾನದಿಂದ ನೋಡುವವರೂ ಇದ್ದಾರೆ. ಅವರ ವಾದ ಗಟ್ಟಿಯಾಗಿದೆ. ಆಲ್ಝೈಮರ್ಸ್ ಮೆದುಳಿನಲ್ಲಿ ಶುರುವಾಗುವುದು ಮರೆವು ಕಾಣುವುದಕ್ಕೆ 15-20 ವರ್ಷ ಮೊದಲು. ಆ ಅವಧಿಯಲ್ಲಿ ಮನುಷ್ಯ ಮಂಕಾಗಬಹುದು, ಭಜನೆಗೆ ಹೋಗುವುದು ಬಿಡಬಹುದು, ವಾಕಿಂಗ್ ನಿಲ್ಲಿಸಬಹುದು. ಹಾಗಾದರೆ ಖಿನ್ನತೆ, ಒಂಟಿತನ, ಚಲನೆ ಇಲ್ಲದಿರುವುದು ಕಾಯಿಲೆಗೆ ಕಾರಣವೋ, ಕಾಯಿಲೆಯ ಮೊದಲ ಲಕ್ಷಣವೋ? ಎರಡೂ ಜೊತೆಗೆ ಕಾಣುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ತಂದಿತು ಎನ್ನಲಾಗದು.

ಇದಕ್ಕೆ ಉತ್ತರ ಸಿಗುವುದು ಪ್ರಯೋಗಗಳಿಂದ ಮಾತ್ರ. ಬಿಪಿಯ ವಿಷಯದಲ್ಲಿ ಅಂಥ ಪ್ರಯೋಗ ಇದೆ. ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಡಲು ಪ್ರಯತ್ನಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸೌಮ್ಯ ಮರೆವಿನ ಹಂತ ತಲುಪಿದವರು ಕಡಿಮೆಯಾದರು. ಪೂರ್ತಿ ಡಿಮೆನ್ಶಿಯಾದಲ್ಲೂ ಇಳಿಕೆ ಕಂಡಿತು, ಆದರೆ ಅದು ಕಾಕತಾಳೀಯ ಅಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ. ಆಹಾರ, ವ್ಯಾಯಾಮ, ಮೆದುಳಿಗೆ ಕೆಲಸ, ಜನರ ಒಡನಾಟ ಎಲ್ಲವನ್ನೂ ಸೇರಿಸಿದ ಪ್ರಯೋಗ ಮೊದಲು ಫಿನ್‌ಲ್ಯಾಂಡ್‌ನಲ್ಲಿ ನಡೆಯಿತು. 2025ರಲ್ಲಿ ಅಮೆರಿಕದ್ದೂ ಬಂತು, 2111 ಜನರ ಮೇಲೆ. ವೇಳಾಪಟ್ಟಿ ಹಾಕಿ ಮಾಡಿಸಿದವರಿಗೆ, ಸ್ವಂತ ಮಾಡಿಕೊಂಡವರಿಗಿಂತ ಸ್ವಲ್ಪ ಜಾಸ್ತಿ ಲಾಭ. ಆದರೆ ಎರಡೂ ಗುಂಪಿನವರ ಅಂಕ ಏರಿತು. ಏನೂ ಮಾಡದ ಗುಂಪು ಅಲ್ಲಿರಲಿಲ್ಲ, ಹಾಗಾಗಿ ಪರೀಕ್ಷೆ ಬರೆದು ಬರೆದು ರೂಢಿಯಾದದ್ದರ ಪಾಲೆಷ್ಟು ಎಂದು ಹೇಳಲಾಗದು.

ನನ್ನ ಅಂದಾಜಿನಲ್ಲಿ 45 ಎನ್ನುವುದು ಸ್ವಲ್ಪ ಉದಾರವಾದ ಸಂಖ್ಯೆ. ಅದು 25 ಆದರೂ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಬಿಪಿ, ಶುಗರ್ ಹತೋಟಿಗೆ ಬಂದರೆ ಮೆದುಳಿಗೆ ಮೊದಲು ಹೃದಯಕ್ಕೂ ಕಿಡ್ನಿಗೂ ಲಾಭ ಇದ್ದೇ ಇದೆ.

ಅರಳು ಮರಳು ಎಂಬ ದೊಡ್ಡ ಬುಟ್ಟಿ

ಇಷ್ಟೆಲ್ಲ ಚರ್ಚೆಯ ನಡುವೆ ನಮ್ಮ ಕಡೆ ನಿಜವಾಗಿ ನಷ್ಟ ಮಾಡುತ್ತಿರುವುದು ಒಂದು ಹಳೆಯ ಮಾತು. ಅರವತ್ತಕ್ಕೆ ಅರಳು ಮರಳು. ಆ ಬುಟ್ಟಿಯೊಳಗೆ ವಾಸಿಯಾಗುವ ಮರೆವೂ ವಾಸಿಯಾಗದ ಮರೆವೂ ಒಟ್ಟಿಗೆ ಬೀಳುತ್ತವೆ.

ವಾಸಿಯಾಗುವವುಗಳಲ್ಲಿ ಮೊದಲು ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶ. ‘ಅಜ್ಜಿಗೆ ಸೋಡಿಯಂ ಡೌನ್ ಆಗಿ ಅಡ್ಮಿಟ್ ಮಾಡಿದ್ದೇವೆ’ ಎನ್ನುವ ಮಾತು ಮಂಗಳೂರಿನಲ್ಲಿ ಕೇಳದವರಿಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ಜೊತೆ ಉಪ್ಪನ್ನೂ ಹೊರಗೆ ಹಾಕುತ್ತವೆ. ಅದರ ಮೇಲೆ ವಾಂತಿಭೇದಿ ಬಂದರೆ, ಗಂಜಿಗೆ ಉಪ್ಪು ಹಾಕುವುದನ್ನೂ ಬಿಟ್ಟಿದ್ದರೆ, ಎರಡೇ ದಿನದಲ್ಲಿ ಮಾತು ತಪ್ಪುತ್ತದೆ, ಮನೆಯವರ ಗುರುತು ಸಿಗುವುದಿಲ್ಲ. ಇದು ಡಿಮೆನ್ಶಿಯಾ ಅಲ್ಲ, ಡೆಲಿರಿಯಂ, ಅಂದರೆ ದಿಢೀರ್ ಬರುವ ಬುದ್ಧಿಯ ಗೊಂದಲ. ಮೂತ್ರದ ಸೋಂಕಿನಲ್ಲೂ ಹೀಗೆ ಆಗುತ್ತದೆ. ಡಿಮೆನ್ಶಿಯಾವನ್ನೂ ಡೆಲಿರಿಯಂ ಅನ್ನೂ ಬೇರೆ ಮಾಡುವ ಗುರುತು ವೇಗ. ತಿಂಗಳು, ವರ್ಷಗಳಲ್ಲಿ ಬಂದದ್ದು ಒಂದು ದಾರಿ, ನಿನ್ನೆ ಮೊನ್ನೆ ಬಂದದ್ದು ಇನ್ನೊಂದು ದಾರಿ. ಎರಡನೆಯದ್ದಕ್ಕೆ ಅದೇ ದಿನ ಆಸ್ಪತ್ರೆ ಬೇಕು. ಮನೆಯಲ್ಲೇ ಉಪ್ಪು ನೀರು ಕುಡಿಸಿ ಸರಿಮಾಡುವಂಥದ್ದಲ್ಲ, ಸೋಡಿಯಂ ಗಡಿಬಿಡಿಯಲ್ಲಿ ಏರಿದರೂ ಮೆದುಳಿಗೆ ಅಪಾಯ.

ಬಿ12 ವಿಟಮಿನ್‌ನ ಕೊರತೆ ಇನ್ನೊಂದು ಕಾರಣ. ಶುದ್ಧ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಬಂಗುಡೆ ತಿನ್ನುವವರೂ ಪಾರಲ್ಲ: ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಜೊತೆಗೆ ದಿನಾ ಬೆಳಗ್ಗೆ ‘ಗ್ಯಾಸ್ ಮಾತ್ರೆ’ ತೆಗೆದುಕೊಂಡರೆ ಬಿ12 ಕುಗ್ಗುತ್ತದೆ. ಥೈರಾಯಿಡ್ ಕಡಿಮೆಯಾದರೂ ಮರೆವು ಬರುತ್ತದೆ. ನಿದ್ರೆ ಮಾತ್ರೆ, ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆ, ಮೂತ್ರ ಹಿಡಿತಕ್ಕೆ ಕೊಡುವ ಕೆಲವು ಮಾತ್ರೆಗಳು ಹಿರಿಯರ ಮೆದುಳನ್ನು ಮಂಕು ಮಾಡುತ್ತವೆ. ಮೂವರು ಡಾಕ್ಟರು ಬರೆದ ಮೂರು ಚೀಟಿಯ ಮಾತ್ರೆ ಒಂದೇ ಡಬ್ಬಿಯಲ್ಲಿದ್ದರೆ ಆ ಡಬ್ಬಿಯನ್ನೇ ಒಬ್ಬ ಡಾಕ್ಟರಿಗೆ ತೋರಿಸುವುದು ಸ್ಕ್ಯಾನ್‌ಗಿಂತ ಮೊದಲು ಮಾಡಬೇಕಾದ ಕೆಲಸ.

ಮಳೆಗಾಲದ ಒಂದು ಕಾರಣವೂ ಇದೆ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ತಲೆಗೆ ಸ್ವಲ್ಪ ತಾಗುತ್ತದೆ. ರಕ್ತ ಬರಲಿಲ್ಲ, ಎದ್ದು ಕೂತರು, ಎಲ್ಲರೂ ಮರೆತರು. ಮೂರು ನಾಲ್ಕು ವಾರ ಕಳೆದು ಅಜ್ಜ ನಡೆಯುವಾಗ ವಾಲುತ್ತಾರೆ, ಮಾತು ನಿಧಾನ, ದಿನ ಗೊತ್ತಾಗುವುದಿಲ್ಲ. ತಲೆಬುರುಡೆಯ ಒಳಗೆ ಮೆಲ್ಲಗೆ ರಕ್ತ ಕಟ್ಟಿ ಮೆದುಳನ್ನು ಒತ್ತುತ್ತಿರಬಹುದು. ಸಿಟಿ ಸ್ಕ್ಯಾನ್‌ನಲ್ಲಿ ಸಿಗುತ್ತದೆ, ಬೇಕಿದ್ದರೆ ಆಪರೇಷನ್‌ನಲ್ಲಿ ತೆಗೆಯುತ್ತಾರೆ. ಅರಳು ಮರಳು ಎಂದು ಬಿಟ್ಟರೆ ಜೀವಕ್ಕೇ ಅಪಾಯ.

ನಾಲ್ಕು ಭಾಷೆಯ ಊರು, ಒಂದು ಭಾಷೆಯ ಪರೀಕ್ಷೆ

ಎರಡು ಭಾಷೆಯ ಸುದ್ದಿಯ ಮೂಲ ಹೈದರಾಬಾದ್. ನರರೋಗ ತಜ್ಞೆ ಸುವರ್ಣ ಅಲ್ಲಾಡಿ ಮತ್ತು ಜೊತೆಗಾರರು 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಕಾಣಿಸಿದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು ಎನ್ನುವುದೇ ಇದರ ಮಹತ್ವ. ಭಾಷೆಯಿಂದ ಭಾಷೆಗೆ ಜಿಗಿಯುವಾಗ ಮೆದುಳಿಗೆ ಸಿಗುವ ಅಭ್ಯಾಸ ಒಂದು ಉಳಿತಾಯ ಖಾತೆಯ ಹಾಗೆ. ಕಾಯಿಲೆ ಒಳಗೆ ತಿನ್ನುತ್ತಿದ್ದರೂ ಹೊರಗೆ ಸ್ವಲ್ಪ ಕಾಲ ಖರ್ಚು ನಡೆಯುತ್ತದೆ.

ಎದುರು ವಾದ: ಇದು ಆಸ್ಪತ್ರೆಗೆ ಬಂದವರ ಲೆಕ್ಕ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಈ ಲಾಭ ಅಷ್ಟಾಗಿ ಕಂಡಿಲ್ಲ. ಮಂಗಳೂರಿನಲ್ಲಿ ಇದನ್ನು ಪರೀಕ್ಷಿಸುವುದೇ ಕಷ್ಟವೇನೋ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮುಂಬೈಗೆ ಹೋಗಿ ಬಂದವರಿಗೆ ಹಿಂದಿ. ಹೋಲಿಸಲು ಒಂದೇ ಭಾಷೆಯವರನ್ನು ಹುಡುಕುವುದು ಎಲ್ಲಿ?

ಆದರೆ ಈ ಬಹುಭಾಷೆ ಇನ್ನೊಂದು ಕಡೆ ಪೆಟ್ಟು ಕೊಡುತ್ತದೆ. ನೆನಪಿನ ಪರೀಕ್ಷೆ ಎಂದರೆ ಮಾತಿನ ಪರೀಕ್ಷೆ. ಮೂರು ಪದ ನೆನಪಿಡಿ, ತಿಂಗಳ ಹೆಸರು ಹಿಂದಿನಿಂದ ಹೇಳಿ, ಗಡಿಯಾರದ ಚಿತ್ರ ಬರೆಯಿರಿ. ಜೀವನವಿಡೀ ತುಳುವಿನಲ್ಲಿ ಯೋಚಿಸಿದವರನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ, ಪೆನ್ಸಿಲ್ ಹಿಡಿಯದವರಿಗೆ ಚಿತ್ರ ಬರೆಯಲು ಹೇಳಿದರೆ, ಅಂಕ ಕಡಿಮೆ ಬರುವುದು ಕಾಯಿಲೆಯಿಂದಲೇ ಆಗಬೇಕಿಲ್ಲ. ತಿಂಗಳನ್ನು ಪಗ್ಗು, ಬೇಶ, ಕಾರ್ತೆಲ್ ಎಂದು ಎಣಿಸುವವರಿಗೆ ಜನವರಿ, ಫೆಬ್ರವರಿ ಏಕೆ? ಉಲ್ಟಾ ಕೂಡ ನಿಜ. ಚೆನ್ನಾಗಿ ಓದಿದವರು ಕಾಯಿಲೆ ಶುರುವಾದ ಮೇಲೂ ಪೂರ್ತಿ ಅಂಕ ತೆಗೆದು ‘ಏನೂ ಇಲ್ಲ’ ಎನಿಸಿಕೊಂಡು ಬರುತ್ತಾರೆ. ಅದಕ್ಕೇ ಅನುಭವಿ ಡಾಕ್ಟರು ಅಂಕಕ್ಕಿಂತ ಜಾಸ್ತಿ ಕೇಳುವುದು ಮನೆಯವರನ್ನು: ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ?

ಔಷಧ, ಲಸಿಕೆ, ತಂಬುಳಿ

ಹೊಸ ಔಷಧಗಳಲ್ಲಿ ಹೆಚ್ಚು ಸುದ್ದಿಯಾದದ್ದು ಲೆಕಾನೆಮಾಬ್. 2023ರಲ್ಲಿ ಅಮೆರಿಕ ಪೂರ್ಣ ಅನುಮತಿ ಕೊಟ್ಟಿತು. ಮರುವರ್ಷ ಡೊನಾನೆಮಾಬ್ ಬಂತು. ಲೆಕಾನೆಮಾಬ್‌ನಿಂದ 18 ತಿಂಗಳಲ್ಲಿ ಕುಸಿತ ಶೇ. 27ರಷ್ಟು ನಿಧಾನವಾಯಿತು ಎಂಬ ಹೆಡ್‌ಲೈನ್ ನಿಜ. 18 ಅಂಕದ ಅಳತೆಗೋಲಿನಲ್ಲಿ ಆ ವ್ಯತ್ಯಾಸ 0.45 ಎನ್ನುವುದೂ ನಿಜ. ಎರಡು ವಾರಕ್ಕೊಮ್ಮೆ ಡ್ರಿಪ್, ಆಗಾಗ ಎಂಆರ್‌ಐ, ಕೆಲವರಿಗೆ ಮೆದುಳಿನಲ್ಲಿ ಊತ ಅಥವಾ ರಕ್ತಸ್ರಾವ. ಕೆಲಸ ಮಾಡುವುದು ಆರಂಭದ ಹಂತದ ಆಲ್ಝೈಮರ್ಸ್‌ನಲ್ಲಿ ಮಾತ್ರ, ಹೋದ ನೆನಪು ವಾಪಸ್ ಬರುವುದಿಲ್ಲ. ನಾವು ಗುರುತಿಸುವುದೇ ಕೊನೆಯ ಹಂತದಲ್ಲಿ ಆದರೆ ಔಷಧ ಬಂದೂ ಏನು ಬಂತು?

ಸರ್ಪಸುತ್ತಿನ ಲಸಿಕೆಯ ಕತೆ ಸ್ವಾರಸ್ಯದ್ದು. ಬ್ರಿಟನ್ನಿನ ವೇಲ್ಸ್‌ನಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಈ ಲಸಿಕೆಗೆ ಅರ್ಹತೆ ಸಿಕ್ಕಿತು, ಒಂದು ದಿನ ಮೊದಲು ಹುಟ್ಟಿದವರಿಗೆ ಸಿಗಲಿಲ್ಲ. ಒಂದೆರಡು ವಾರದ ಅಂತರದಲ್ಲಿ ಹುಟ್ಟಿದವರಲ್ಲಿ ಬೇರೆ ವ್ಯತ್ಯಾಸ ಏನಿರಲು ಸಾಧ್ಯ? ಏಳು ವರ್ಷದಲ್ಲಿ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ಸುಮಾರು ಶೇ. 20 ಕಡಿಮೆ ಎಂದು 2025ರಲ್ಲಿ ಪ್ರಕಟವಾಯಿತು. ಜಾಣ ಲೆಕ್ಕಾಚಾರ. ಆದರೆ ಅದು ಹಳೆಯ ಲಸಿಕೆ, ಹೇಗೆ ಕೆಲಸ ಮಾಡಿತು ಎನ್ನುವುದು ಇನ್ನೂ ತಿಳಿಯಬೇಕು.

ಇನ್ನು ಒಂದೆಲಗ, ತುಳುವಿನ ತಿಮರೆ. ಸಣ್ಣಪುಟ್ಟ ಅಧ್ಯಯನಗಳಿವೆ, ಡಿಮೆನ್ಶಿಯಾ ತಡೆದ ದೊಡ್ಡ ಪ್ರಯೋಗ ಇಲ್ಲ. ಬಿಸಿಲಿಗೆ ತಂಬುಳಿ ರುಚಿ, ಉಣ್ಣಿ. ಆದರೆ ‘ಮೆಮೊರಿ’ ಎಂದು ಬರೆದ ಮಾತ್ರೆ ಡಬ್ಬಿಗಳಿಗೆ ದುಡ್ಡು ಸುರಿಯುವ ಮೊದಲು ಒಂದು ವಿಷಯ ತಿಳಿದಿರಲಿ: ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಮರೆವು ತಡೆಯಲು ಬಿ ಮತ್ತು ಇ ವಿಟಮಿನ್, ಒಮೆಗಾ ಥರದ ಪೂರಕಗಳನ್ನು ಸಲಹೆ ಮಾಡಬೇಡಿ ಎಂದಿದೆ. ಬಿ12 ಕೊರತೆ ಇದ್ದವರಿಗೆ ಕೊಡುವ ಚಿಕಿತ್ಸೆ ಬೇರೆ ವಿಷಯ.

ನೋಡುವವರು ಯಾರು?

ಕರ್ನಾಟಕದಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರುಮಾಡಿತು. ಕೋಲಾರದ ಶ್ರೀನಿವಾಸಪುರದಲ್ಲಿ ಹಳ್ಳಿಯ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನ ನಡೆಯುತ್ತಿದೆ. ಅದರಿಂದ ಬರುವ ಉತ್ತರ ಯುರೋಪಿನ ಉತ್ತರಕ್ಕಿಂತ ನಮಗೆ ಹತ್ತಿರ. ಆದರೆ ರಾಗಿ ಉಣ್ಣುವ, ಮಕ್ಕಳು ಪಕ್ಕದಲ್ಲೇ ಇರುವ ಊರಿನ ಲೆಕ್ಕ ಕರಾವಳಿಗೆ ಪೂರ್ತಿ ಹೊಂದುವುದಿಲ್ಲ.

ಇಲ್ಲಿನ ಮನೆಗಳಲ್ಲಿ ಮಕ್ಕಳು ದುಬೈ, ಮುಂಬೈ, ಬೆಂಗಳೂರಿನಲ್ಲಿ. ಆಸ್ಪತ್ರೆಗಳಿಗೆ, ನರರೋಗ ತಜ್ಞರಿಗೆ ಮಂಗಳೂರು-ಮಣಿಪಾಲದಲ್ಲಿ ಕೊರತೆ ಇಲ್ಲ. ಅಲ್ಲಿಗೆ ಹೋಗಬೇಕು ಎಂದು ಮೊದಲು ಹೇಳುವವರು ಮಾತ್ರ ಮನೆಯಲ್ಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು, ಕರೆಂಟ್ ಬಿಲ್ ಮೂರು ತಿಂಗಳು ಕಟ್ಟದೇ ಇದ್ದದ್ದು, ದಿನಾ ಹೋಗುವ ದೇವಸ್ಥಾನದಿಂದ ವಾಪಸ್ ಬರುವ ದಾರಿ ತಪ್ಪಿದ್ದು ಅದೇ ಮನೆಯಲ್ಲಿ ಇರುವವರಿಗೆ ಮಾತ್ರ ಕಾಣುವ ಸಂಗತಿಗಳು. ಗೊತ್ತಾಗುವ ಹೊತ್ತಿಗೆ ಹೋಮ್ ನರ್ಸ್ ಹುಡುಕುವ ಹಂತ ಬಂದಿರುತ್ತದೆ. ಮರೆವಿನ ಆರೈಕೆ ಹೆಚ್ಚಾಗಿ ಮನೆಯಲ್ಲಿ, ವರ್ಷಗಟ್ಟಲೆ. ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುವ ವಿಮೆ ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಭಾರ ಬೀಳುವುದು ಊರಲ್ಲೇ ಉಳಿದ ಒಬ್ಬ ಮಗಳ ಅಥವಾ ಸೊಸೆಯ ಮೇಲೆ.

ಭಾನುವಾರದ ವಿಡಿಯೋ ಕಾಲ್ ಇದನ್ನು ಹಿಡಿಯುವುದಿಲ್ಲ. ‘ಊಟ ಆಯ್ತಾ?’ ‘ಆಯ್ತು.’ ‘ಮಳೆ ಉಂಟಾ?’ ‘ಉಂಟು.’ ‘ಹುಷಾರಾಗಿರು.’ ಇಂಥ ಮಾತು ಕಾಯಿಲೆ ಸಾಕಷ್ಟು ಮುಂದುವರಿದ ಮೇಲೂ ಹಾಗೇ ಉಳಿಯುತ್ತದೆ. ಐವತ್ತು ವರ್ಷ ಆಡಿದ ಮಾತು ನೆನಪಿನಿಂದ ಬರುವುದಲ್ಲ, ರೂಢಿಯಿಂದ ಬರುವುದು. ಹೋಗುವುದು ಮೊದಲು ನಿನ್ನೆಯ ವಿಷಯ. ಹಾಗಾಗಿ ಕೇಳುವುದಾದರೆ ಬೇರೆ ಥರ ಕೇಳಬೇಕು: ನಿನ್ನೆ ಯಾವ ಮೀನು ಸಿಕ್ಕಿತು, ಎಷ್ಟು ಹೇಳಿದಳು, ನೀನು ಎಷ್ಟಕ್ಕೆ ಇಳಿಸಿದಿ? ಚೌಕಾಸಿಯಲ್ಲಿ ಹತ್ತು ರೂಪಾಯಿಯನ್ನೂ ಬಿಡದಿದ್ದ ಹೆಂಗಸು ‘ಏನೋ ಒಂದು ತಗೊಂಡೆ’ ಎಂದು ಮಾತು ಹಾರಿಸಿದರೆ, ಮುಂದಿನ ವಾರವೂ ಹಾಗೇ ಹಾರಿಸಿದರೆ, ಊರಿಗೆ ಟಿಕೆಟ್ ಮಾಡುವ ಸಮಯ ಅದು.